ಮನೆಗೆಲಸದ ಪಾಲು ಮತ್ತು ಮೈತ್ರಿಯ ಲೆಕ್ಕ

ಓದಿಗಾಗಿ ಊರು ಬಿಟ್ಟ ಮಕ್ಕಳು ಮೂವರು ನಾಲ್ವರು ಸೇರಿ ಬಾಡಿಗೆ ಮನೆ ಹಿಡಿದು ವಾಸಿಸುವುದು ಈಗ ಮಂಗಳೂರು, ಮಣಿಪಾಲ, ಬೆಂಗಳೂರುಗಳಲ್ಲಿ ಸಾಮಾನ್ಯ ಸಂಗತಿ. ಬಾಡಿಗೆಯನ್ನು ಹಂಚಿಕೊಳ್ಳುವುದು ಅವರಿಗೆ ಕಷ್ಟವಲ್ಲ. ತಿಂಗಳಿಗೊಮ್ಮೆ ಒಟ್ಟು ಮೊತ್ತವನ್ನು ತಲೆ ಎಣಿಸಿ ಭಾಗಿಸಿದರಾಯಿತು. ಆದರೆ ಎಂಜಲು ಪಾತ್ರೆಯನ್ನು ನಾಲ್ಕರಿಂದ ಭಾಗಿಸುವುದು ಹೇಗೆ? ಕಸದ ಬುಟ್ಟಿ ತುಂಬಿದ್ದನ್ನು ಮೊದಲು ಕಂಡವನು ಯಾರು, ಕಂಡೂ ಕಾಣದಂತೆ ಹೋದವನು ಯಾರು ಎಂಬುದನ್ನು ನಿರ್ಣಯಿಸುವವರು ಯಾರು? ಇಂತಹ ಸಣ್ಣ ಪ್ರಶ್ನೆಗಳಿಗೆ ಉತ್ತರ ಸಿಗದೆ ದೊಡ್ಡ ಸ್ನೇಹಗಳು ಮುರಿದು ಬಿದ್ದಿರುವುದನ್ನು ನಾವು ಕಂಡಿದ್ದೇವೆ.

ಕಳೆದ ಮಳೆಗಾಲದಲ್ಲಿ ನಮಗೆ ಪರಿಚಯವಿದ್ದ ಅಂತಹದೇ ಒಂದು ಮನೆಯಲ್ಲಿ ಹೀಗಾಯಿತು. ಪಿಯುಸಿಯಿಂದಲೂ ಜೊತೆಗಿದ್ದ ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಗಂಜಿ ಬೇಯಿಸಿದ ಕುಕ್ಕರು, ಬಂಗುಡೆ ಹುರಿದ ಕಾವಲಿ ನಾಲ್ಕು ದಿನಗಳಿಂದ ಸಿಂಕಿನಲ್ಲಿ ಹಾಗೆಯೇ ಬಿದ್ದಿದ್ದವು. ಜಗಳವೇನೂ ನಡೆಯಲಿಲ್ಲ. ಅವರಲ್ಲಿ ಹೆಚ್ಚು ಮಾತನಾಡದ ಒಬ್ಬನು ಆ ರಾತ್ರಿ ಎಲ್ಲವನ್ನೂ ತೊಳೆದು ಕವುಚಿ ಹಾಕಿ, ಬೆಳಿಗ್ಗೆ ಚೀಲ ಕಟ್ಟಿಕೊಂಡು ಬೇರೆ ಪಿಜಿಗೆ ಹೊರಟುಹೋದನು. ಉಳಿದ ಮೂವರು ದಿಗ್ಭ್ರಾಂತರಾಗಿ ನಮ್ಮ ಬಳಿಗೆ ಬಂದರು. “ಫಾದರ್, ನಾವು ಅವನಿಗೆ ಏನೂ ಅನ್ಯಾಯ ಮಾಡಿಲ್ಲ. ಎಲ್ಲರೂ ಕೆಲಸ ಮಾಡುತ್ತಿದ್ದೆವು” ಎಂದರು. ನಂತರ ಹೊರಟುಹೋದವನನ್ನೂ ಕಂಡು ಮಾತನಾಡಿದೆವು. ಅವನು ಹೇಳಿದ್ದು ಇಷ್ಟೇ: “ಪಾತ್ರೆ ತೊಳೆಯುವುದು ನನಗೆ ಭಾರವಾಗಲಿಲ್ಲ ಫಾದರ್. ತೊಳೆದದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಅದೇ ಭಾರವಾಯಿತು.”

ಆ ಮೂವರು ತಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನೇ ವಿಷಯವಾಗಿ ಆರಿಸಿಕೊಂಡರು. ಒಂದೇ ಮನೆಯಲ್ಲಿರುವ ವಿದ್ಯಾರ್ಥಿಗಳು ಮನೆಗೆಲಸವನ್ನು ಹಂಚಿಕೊಳ್ಳಲು ನೆರವಾಗುವ ಮೊಬೈಲ್ ಆ್ಯಪ್ ಒಂದನ್ನು ಸಿದ್ಧಪಡಿಸುವುದು ಅವರ ಉದ್ದೇಶ. ಗಣಕಯಂತ್ರದ ಭಾಷೆ ನಮಗೆ ತಿಳಿಯದು. ಆದರೆ ಯಂತ್ರಕ್ಕೆ ಏನನ್ನು ಹೇಳಿಕೊಡಬೇಕು ಎಂಬುದು ನ್ಯಾಯ, ಮೈತ್ರಿ, ಕರ್ತವ್ಯಗಳಿಗೆ ಸಂಬಂಧಿಸಿದ ಪ್ರಶ್ನೆ. ಆದುದರಿಂದ ಹಲವು ಸಂಜೆ ಅವರೊಡನೆ ಕುಳಿತು ಚರ್ಚಿಸಿದೆವು.

ನೆನಪಿನ ಪಕ್ಷಪಾತ

“ಎಲ್ಲರೂ ಕೆಲಸ ಮಾಡುತ್ತಿದ್ದೆವು” ಎಂದ ಮೂವರೂ ಸುಳ್ಳು ಹೇಳಿರಲಿಲ್ಲ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಕೆನಡಾದ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಅವರು 37 ದಂಪತಿಗಳಿಗೆ ಮನೆವಾರ್ತೆಗೆ ಸಂಬಂಧಿಸಿದ 20 ಸಂಗತಿಗಳ ಪಟ್ಟಿಯನ್ನು ಕೊಟ್ಟು, ಇದರಲ್ಲಿ ನಿಮ್ಮ ಪಾಲೆಷ್ಟು ಎಂದು ಗಂಡನನ್ನೂ ಹೆಂಡತಿಯನ್ನೂ ಪ್ರತ್ಯೇಕವಾಗಿ ಕೇಳಿದರು. 20ರಲ್ಲಿ 16 ಸಂಗತಿಗಳಲ್ಲಿ ಇಬ್ಬರೂ ಹೇಳಿದ ಪಾಲುಗಳನ್ನು ಕೂಡಿದಾಗ ಮೊತ್ತವು ಪೂರ್ಣಕ್ಕಿಂತ ಹೆಚ್ಚಾಯಿತು! ಜಗಳ ಹುಟ್ಟಿಸುವುದರಂತಹ ಕೆಟ್ಟ ಸಂಗತಿಗಳಲ್ಲಿಯೂ ತಮ್ಮ ಪಾಲನ್ನು ಹೆಚ್ಚಾಗಿ ಹೇಳುವ ಒಲವು ಕಂಡುಬಂತು. ಆದುದರಿಂದ ಇದಕ್ಕೆ ಜಂಬವೊಂದೇ ಕಾರಣವಲ್ಲ. ನಾವು ಮಾಡಿದ್ದು ನಮಗೆ ಸುಲಭವಾಗಿ ನೆನಪಿಗೆ ಬರುತ್ತದೆ. ನಾವು ಮಲಗಿದ್ದಾಗ ಇನ್ನೊಬ್ಬನು ಮಾಡಿದ್ದು ನೆನಪಿಗೆ ಬರುವುದಾದರೂ ಹೇಗೆ?

ಇಲ್ಲಿಂದಲೇ ಆ್ಯಪಿನ ಮೊದಲ ಕರ್ತವ್ಯ ನಿರ್ಧಾರವಾಯಿತು. ಅದು ನ್ಯಾಯಾಧೀಶನಾಗಬಾರದು, ಮನೆಯವರೆಲ್ಲರ ಸಮಾನ ನೆನಪಾಗಬೇಕು. ಕೆಲಸ ಮುಗಿಸಿದವನು ಬೆರಳಿನಿಂದ ಒಮ್ಮೆ ಒತ್ತಿದರೆ “ಪಾತ್ರೆ ಆಯಿತು” ಎಂಬುದು ನಾಲ್ವರಿಗೂ ಕಾಣಬೇಕು. ಕಂಡವನು ಒಂದು ಅಕ್ಷರ ಬರೆಯದೆಯೂ ಕೃತಜ್ಞತೆ ಸೂಚಿಸುವಂತಿರಬೇಕು. ಗ್ಯಾಸ್ ಮುಗಿಯುತ್ತಾ ಬಂದುದನ್ನು ಗಮನಿಸುವುದು, ಅಕ್ಕಿ ತರಬೇಕೆಂದು ನೆನಪಿಡುವುದು, ನೀರಿನ ಬಿಲ್ಲಿನ ಕೊನೆಯ ದಿನವನ್ನು ತಿಳಿದಿರುವುದು ಕೂಡ ಕೆಲಸವೇ. ಮನೆಗೆಲಸದಲ್ಲಿ ಮುಂದಾಲೋಚನೆ, ಆಯ್ಕೆಗಳ ಹುಡುಕಾಟ, ತೀರ್ಮಾನ, ಮೇಲ್ವಿಚಾರಣೆ ಎಂಬ ಮನಸ್ಸಿನ ದುಡಿಮೆಯೂ ಇದೆಯೆಂದು ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಗರ್ 2019ರಲ್ಲಿ ವಿವರಿಸಿದ್ದಾರೆ. ಹೊರಟುಹೋದ ಹುಡುಗನು ಹೆಚ್ಚಾಗಿ ಹೊತ್ತಿದ್ದುದು ಈ ಹೊರೆಯನ್ನೇ. ಆದುದರಿಂದ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಸೇರಿತು.

ದಂಡ ತೆತ್ತರೆ ತಪ್ಪು ತೀರುವುದೇ?

ಹುಡುಗರ ಮೊದಲ ನಕ್ಷೆಯಲ್ಲಿ ದಂಡದ ವ್ಯವಸ್ಥೆಯಿತ್ತು. ಸರದಿ ತಪ್ಪಿಸಿದವನು 10 ರೂಪಾಯಿ ಕೊಡಬೇಕು. ಅವನ ಹೆಸರಿನ ಮುಂದೆ ಕೆಂಪು ಗುರುತು ಬೀಳಬೇಕು. ನಾವು ಅವರಿಗೆ ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳ ಕಥೆಯನ್ನು ಹೇಳಿದೆವು. ಮಕ್ಕಳನ್ನು ಕರೆದೊಯ್ಯಲು ತಂದೆತಾಯಂದಿರು ತಡವಾಗಿ ಬರುತ್ತಿದ್ದ 10 ಶಿಶುವಿಹಾರಗಳನ್ನು ಉರಿ ಗ್ನೀಜಿ ಮತ್ತು ಆಲ್ಡೊ ರುಸ್ತಿಕಿನಿ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿದರು. ಅವುಗಳಲ್ಲಿ ಆರರಲ್ಲಿ ತಡವಾಗಿ ಬಂದವರಿಗೆ ದಂಡ ವಿಧಿಸಲಾಯಿತು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಇಮ್ಮಡಿಯಾದರು. ದಂಡವನ್ನು ರದ್ದುಪಡಿಸಿದ ಮೇಲೂ ಹಳೆಯ ಶಿಸ್ತು ಮರಳಲಿಲ್ಲ. 2000ದಲ್ಲಿ ಪ್ರಕಟವಾದ ಈ ಅಧ್ಯಯನವು ಒಂದು ಸತ್ಯವನ್ನು ತೋರಿಸುತ್ತದೆ. ಟೀಚರನ್ನು ಕಾಯಿಸುತ್ತಿದ್ದೇವಲ್ಲಾ ಎಂಬ ಸಂಕೋಚವಿದ್ದ ಕಡೆ ದಂಡವನ್ನು ತಂದರೆ, ಆ ಸಂಕೋಚ ಹೋಗಿ ಹಣ ತೆತ್ತು ಪಡೆಯುವ ಸೇವೆ ಉಳಿಯುತ್ತದೆ.

ಎಂಜಲು ಪಾತ್ರೆಗೆ 10 ರೂಪಾಯಿ ಬೆಲೆ ಕಟ್ಟಿದರೆ ಕೈಯಲ್ಲಿ ಹಣವಿರುವವನು ನಿಶ್ಚಿಂತನಾಗಿ ಮಲಗುತ್ತಾನೆ. ಹಣವಿಲ್ಲದವನು ಗೆಳೆಯನ ಮನೆಯಾಳಾಗುತ್ತಾನೆ. ಹುಡುಗರು ತುಸು ಹೊತ್ತು ಸುಮ್ಮನಿದ್ದು ದಂಡವನ್ನು ಅಳಿಸಿಹಾಕಿದರು. ಅದರ ಬದಲಿಗೆ, ಸರದಿ ತಪ್ಪಿದರೆ ಆ ವ್ಯಕ್ತಿಗೆ ಮಾತ್ರ ಕಾಣುವ ಜ್ಞಾಪನೆಯೊಂದು ಹೋಗುವಂತೆ ಮಾಡಿದರು. ನಾಲ್ವರ ಮುಂದೆ ನಾಚಿಕೆಪಡಿಸುವ ಗುರುತು ಬೇಡವೆಂದರು. ಪರೀಕ್ಷೆಯ ವಾರದಲ್ಲಿ ಸರದಿಯನ್ನು ಅದಲು ಬದಲು ಮಾಡಿಕೊಳ್ಳಲು ಅವಕಾಶವಿಟ್ಟರು. ಜ್ವರ ಬಂದವನ ಸರದಿ ಸಾಲವಾಗಿ ಉಳಿಯಬಾರದೆಂದೂ ತೀರ್ಮಾನಿಸಿದರು.

ಭಾರದ ಅಳತೆ

ಮುಂದಿನದು ಹಂಚಿಕೆಯ ಪ್ರಶ್ನೆ. ಸಂಖ್ಯೆಯ ಸಮಾನತೆ ಬೇರೆ, ಪ್ರಮಾಣದ ಸಮಾನತೆ ಬೇರೆ ಎಂಬ ವಿವೇಚನೆಯನ್ನು ನಾವು ಗುರುಮಠದಲ್ಲಿ ಅರಿಸ್ಟಾಟಲನಿಂದ ಕಲಿತಿದ್ದೆವು. ಅದು ಈ ಅಡುಗೆಮನೆಯಲ್ಲಿ ಉಪಯೋಗಕ್ಕೆ ಬಂತು. ಒಬ್ಬನಿಗೆ ಅಡುಗೆ ಆನಂದ, ಇನ್ನೊಬ್ಬನಿಗೆ ಶಿಕ್ಷೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಆರಂಭಿಸಿದ ಸ್ಪ್ಲಿಡಿಟ್ ಎಂಬ ವ್ಯವಸ್ಥೆಯು ಇದಕ್ಕೊಂದು ದಾರಿ ತೋರಿಸಿತ್ತು. ಒಂದು ಕೆಲಸವನ್ನು ಒಮ್ಮೆ ಮಾಡುವುದರ ಬದಲಿಗೆ ಇನ್ನೊಂದನ್ನು ಎಷ್ಟು ಸಲ ಮಾಡಲು ಸಿದ್ಧರಿದ್ದೀರಿ ಎಂದು ಪ್ರತಿಯೊಬ್ಬರನ್ನೂ ಕೇಳಿ, ಅವರವರ ಉತ್ತರದಂತೆ ಕೆಲಸಗಳನ್ನು ಹಂಚುವ ಕ್ರಮ ಅದು.

ನಮ್ಮ ಹುಡುಗರು ಇನ್ನೂ ಸರಳವಾದ ಕ್ರಮವನ್ನು ಅನುಸರಿಸಿದರು. ಅಡುಗೆ, ಪಾತ್ರೆ, ಗುಡಿಸಿ ಒರೆಸುವುದು, ಶೌಚಾಲಯ ಎಂಬ ನಾಲ್ಕು ಕೆಲಸಗಳಿಗೆ ಪ್ರತಿಯೊಬ್ಬನೂ ತನ್ನ 100 ಅಂಕಗಳನ್ನು ಭಾರಕ್ಕೆ ತಕ್ಕಂತೆ ಹಂಚಬೇಕು. ಶೌಚಾಲಯಕ್ಕೆ ಒಬ್ಬನು 50 ಕೊಟ್ಟನು. ಇನ್ನೊಬ್ಬನು 15 ಮಾತ್ರ ಕೊಟ್ಟನು. ಲೆಕ್ಕದ ಪ್ರಕಾರ 15 ಕೊಟ್ಟವನೇ ಸದಾ ಶೌಚಾಲಯ ತೊಳೆಯಬೇಕು. ಇಲ್ಲಿ ನಾವು ತಡೆದೆವು. ಅಸಹ್ಯವಿಲ್ಲದವನು ಮಾಡಲಿ ಎಂಬ ಮಾತು ನಮ್ಮ ದೇಶದಲ್ಲಿ ಮುಗ್ಧವಾದ ಮಾತಲ್ಲ. ಮಲ ಬಾಚುವ ಕೆಲಸವನ್ನು ಕೆಲವು ಜಾತಿಗಳ ಹಣೆಗೆ ಕಟ್ಟಿದ ನಾಡು ಇದು. 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರು ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಕೆಲಸವನ್ನು ದಾಟಿಸುತ್ತಿದ್ದುದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ವರ್ಣಿಸಿದ್ದಾರೆ. ಶೌಚಾಲಯಗಳ ದುಃಸ್ಥಿತಿಯನ್ನು ತೋರಿಸಿದಾಗ ಅದು ಭಂಗಿಯ ಕೆಲಸವೆಂಬ ಉತ್ತರ ಬಂತು. ಗಾಂಧೀಜಿ ಪೊರಕೆ ಕೇಳಿ ಪಡೆದು ತಾವೇ ಶುಚಿಗೊಳಿಸಿದರು. ಆದುದರಿಂದ, ಅಂಕಗಳು ಏನೇ ಹೇಳಿದರೂ ಯಾವ ಕೆಲಸವೂ ಯಾರಿಗೂ ಶಾಶ್ವತವಲ್ಲ, ತಿಂಗಳಿಗೆ ಒಮ್ಮೆಯಾದರೂ ಪ್ರತಿ ಕೆಲಸವೂ ಪ್ರತಿಯೊಬ್ಬನ ಪಾಲಿಗೆ ಬರಬೇಕು ಎಂಬ ನಿಯಮವನ್ನು ಆ್ಯಪಿನಲ್ಲಿ ಸೇರಿಸಲಾಯಿತು.

ಸರದಿಯ ಹಸ್ತಾಂತರ

ಎಲ್ಲಕ್ಕಿಂತ ಕಠಿಣವಾಗಿದ್ದುದು “ಆಯಿತು” ಎಂಬ ಪದದ ಅರ್ಥ. ಒಬ್ಬನಿಗೆ ತಟ್ಟೆ ತೊಳೆದರೆ ಕೆಲಸ ಆಯಿತು. ಇನ್ನೊಬ್ಬನಿಗೆ ಸಿಂಕು ಖಾಲಿಯಾಗಿ, ಒಲೆ ಒರೆಸಿ, ಹಸಿ ಕಸ ಹೊರಗೆ ಹೋದ ಮೇಲೆ ಆಯಿತು. ಈ ತೊಡಕಿಗೆ ಪರಿಹಾರ ದೊರೆತದ್ದು ಆರನೆಯ ಶತಮಾನದಲ್ಲಿ! ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 35ನೆಯ ಅಧ್ಯಾಯವನ್ನು ಅಡುಗೆಮನೆಯ ವಾರದ ಸರದಿಗಾಗಿಯೇ ಮೀಸಲಿಟ್ಟಿದ್ದಾರೆ. ಕಾಯಿಲೆಯವರನ್ನೂ ಅತಿ ಮುಖ್ಯ ಹೊಣೆಯುಳ್ಳವರನ್ನೂ ಬಿಟ್ಟರೆ ಯಾರಿಗೂ ವಿನಾಯಿತಿಯಿಲ್ಲ. ದುರ್ಬಲರಿಗೆ ಸಹಾಯಕರನ್ನು ಕೊಡಬೇಕು. ವಾರ ಮುಗಿಸುವವನು ಶನಿವಾರ ಎಲ್ಲವನ್ನೂ ಶುಚಿಗೊಳಿಸಿ, ಕೈ ಒರೆಸುವ ವಸ್ತ್ರಗಳನ್ನು ಒಗೆದು, ಪಾತ್ರೆಗಳನ್ನು ಒಡೆಯದಂತೆ, ಕೊಳೆಯಿರದಂತೆ ಉಗ್ರಾಣಿಗೆ ಒಪ್ಪಿಸಬೇಕು. ಉಗ್ರಾಣಿಯು ಅವನ್ನು ಮುಂದಿನ ವಾರದವನಿಗೆ ಕೊಡಬೇಕು. ಏನು ಕೊಟ್ಟೆ, ಏನು ಪಡೆದೆ ಎಂಬುದು ಆಗ ಅವನಿಗೆ ತಿಳಿದಿರುತ್ತದೆ. ಬಡಿಸುವವರು ಗೊಣಗದೆ ದುಡಿಯಲೆಂದು ಊಟಕ್ಕೆ ಮುಂಚೆ ಅವರಿಗೆ ಸ್ವಲ್ಪ ಹೆಚ್ಚಿನ ಆಹಾರ ಪಾನೀಯಗಳನ್ನೂ ಬೆನೆಡಿಕ್ಟರು ಗೊತ್ತುಮಾಡಿದ್ದಾರೆ. ಗೊಣಗಾಟ ಎಲ್ಲಿ ಹುಟ್ಟುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇದನ್ನು ಕೇಳಿದ ಹುಡುಗರು ಶನಿವಾರ ಸಂಜೆಯ ಹಸ್ತಾಂತರವನ್ನು ಆ್ಯಪಿನ ನಡುಮನೆಯನ್ನಾಗಿ ಮಾಡಿದರು. ಸರದಿ ಮುಗಿಸುವವನೂ ಆರಂಭಿಸುವವನೂ ಅಡುಗೆಮನೆಯಲ್ಲಿ ಜೊತೆಯಾಗಿ ನಿಂತು, ತಾವೇ ಮೊದಲು ಒಪ್ಪಿ ಬರೆದ ಐದು ಅಂಶಗಳನ್ನು ನೋಡಿ, ಇಬ್ಬರೂ ಒತ್ತಿದ ಮೇಲೆಯೇ ಸರದಿ ಬದಲಾಗುತ್ತದೆ. ಎರಡು ನಿಮಿಷವಾದರೂ ಮುಖಾಮುಖಿ ನಿಲ್ಲಬೇಕಾದ ಈ ವ್ಯವಸ್ಥೆಯೇ ಅದರಲ್ಲಿ ನಮಗೆ ಹೆಚ್ಚು ಮೆಚ್ಚುಗೆಯಾದುದು. ಮನೆಯ ಈ ದಾಖಲೆ ನಾಲ್ವರದು ಮಾತ್ರ. ತಂದೆತಾಯಂದಿರಿಗಾಗಲಿ ಮನೆ ಮಾಲೀಕರಿಗಾಗಲಿ ಹೋಗುವಂತಿಲ್ಲ. ಒಂದು ತಿಂಗಳಾದ ಮೇಲೆ ಅದು ತಾನಾಗಿಯೇ ಅಳಿಸಿಹೋಗುತ್ತದೆ. ನೆನಪು ಬೇಕು, ಹಗೆಯ ಕಡತ ಬೇಡ.

ಒಂದೇ ಒಂದು ಸಾಲು ಪ್ರೋಗ್ರಾಮ್ ಬರೆಯುವ ಮುಂಚೆ ಎರಡು ವಾರ ಇದನ್ನೆಲ್ಲ ಕಾಗದದ ಮೇಲೆ ನಡೆಸಿ ನೋಡಬೇಕೆಂದು ನಾವು ಸೂಚಿಸಿದೆವು. ಅಡುಗೆಮನೆಯ ಗೋಡೆಗೆ ಹಾಳೆ ಅಂಟಿಸಿದರು. ಕಾಗದದಲ್ಲಿ ನಡೆಯದ ನಿಯಮ ಫೋನಿನಲ್ಲಿಯೂ ನಡೆಯದು ಎಂಬುದು ಅವರಿಗೆ ಬೇಗನೆ ತಿಳಿಯಿತು. 16 ಕೆಲಸಗಳ ಪಟ್ಟಿ 7ಕ್ಕೆ ಇಳಿಯಿತು. ಬೆಳಿಗ್ಗೆ ತರಗತಿಯ ಹೊತ್ತಿಗೆ ಬರಬೇಕೆಂದಿದ್ದ ಜ್ಞಾಪನೆ ರಾತ್ರಿ 9 ಗಂಟೆಗೆ ಹೋಯಿತು.

ಮನೆಯೇ ಮೊದಲ ಪಾಠಶಾಲೆ

ಪ್ರಿಯ ಓದುಗರೇ, ಈ ಕೆಲಸ ಸಾಗುತ್ತಿದ್ದಾಗ ಒಂದು ಪ್ರಶ್ನೆ ನಮ್ಮನ್ನು ಕಾಡಿತು. ಇಪ್ಪತ್ತರ ಪ್ರಾಯದ ಹುಡುಗರಿಗೆ ಪಾತ್ರೆ ತೊಳೆಯಲು ಫೋನು ನೆನಪಿಸಬೇಕಾಗಿ ಬಂದದ್ದು ಏಕೆ? ಭಾರತ ಸರಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ ಉತ್ತರವಿದೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸುತ್ತಿದ್ದರು. ಪುರುಷರು 97 ನಿಮಿಷಗಳನ್ನು. ಅದೂ ಮಹಿಳೆಯರಲ್ಲಿ ನೂರಕ್ಕೆ 81 ಮಂದಿ ಇದರಲ್ಲಿ ತೊಡಗಿದ್ದರೆ, ಪುರುಷರಲ್ಲಿ ನೂರಕ್ಕೆ 26 ಮಂದಿ ಮಾತ್ರ. ಆ ಬಾಡಿಗೆ ಮನೆಯ ಮೂವರು ಕೆಟ್ಟ ಹುಡುಗರಲ್ಲ. ತೊಳೆದ ತಟ್ಟೆ ತಾನಾಗಿಯೇ ಮೇಜಿಗೆ ಬರುತ್ತದೆಂದು ಅವರು ನಮ್ಮ ಮನೆಗಳಲ್ಲಿಯೇ ಕಲಿತವರು. ಆ ತಟ್ಟೆಯ ಹಿಂದೆ ಅಮ್ಮನ ಕೈಯಿತ್ತು, ಅಕ್ಕನ ಕೈಯಿತ್ತು; ಅದನ್ನು ಕಾಣುವ ಕಣ್ಣನ್ನು ನಾವು ಅವರಿಗೆ ಕೊಡಲಿಲ್ಲ.

ಹೊರಟುಹೋದ ಹುಡುಗನು ಆ ಮನೆಗೆ ವಾಸಕ್ಕೆ ಮರಳಿಲ್ಲ. ಪಿಜಿಗೆ ಮುಂಗಡ ಕೊಟ್ಟಾಗಿದೆ ಎಂದು ಅವನು ನೆಪ ಹೇಳುತ್ತಾನೆ. ಒಮ್ಮೆ ನೊಂದ ಮನಸ್ಸಿಗೆ ಸಮಯ ಬೇಕೆಂದು ನಾವು ತಿಳಿದುಕೊಂಡಿದ್ದೇವೆ. ಆದರೆ ಆ್ಯಪಿನ ಮೊದಲ ಪರೀಕ್ಷಕನಾಗಲು ಅವನು ಒಪ್ಪಿದ್ದಾನೆ. ಶನಿವಾರ ಸಂಜೆ ಬಂದು ಅವರೊಡನೆ ಉಣ್ಣುತ್ತಾನೆ. ಮೊದಲ ದಿನ ಊಟವಾದ ಮೇಲೆ ಅವನು ಅಭ್ಯಾಸಬಲದಿಂದ ಸಿಂಕಿನ ಕಡೆಗೆ ಎದ್ದಾಗ, ಮೂವರಲ್ಲಿ ಒಬ್ಬನು ಅವನ ಕೈಯಿಂದ ತಟ್ಟೆಯನ್ನು ತೆಗೆದುಕೊಂಡು “ಇವತ್ತು ನನ್ನ ಸರದಿ” ಎಂದನಂತೆ. ಆ ಹೊತ್ತಿನಲ್ಲಿ ಯಾರ ಫೋನೂ ಸದ್ದು ಮಾಡಿರಲಿಲ್ಲ.

ಈ ವಾರ ನಮ್ಮ ಕುಟುಂಬಗಳಲ್ಲಿಯೂ ಒಂದು ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸೋಣ. ಅದರಲ್ಲಿ ಅಮ್ಮನ ಹೆಸರಿನ ಜೊತೆಗೆ ಅಪ್ಪನ ಹೆಸರೂ, ಮಗಳ ಹೆಸರಿನ ಜೊತೆಗೆ ಮಗನ ಹೆಸರೂ ಇರಲಿ. ನಾಳೆ ನಮ್ಮ ಮಕ್ಕಳೊಂದಿಗೆ ಒಂದೇ ಮನೆಯಲ್ಲಿ ಬಾಳುವವರು ಅದಕ್ಕಾಗಿ ನಮ್ಮನ್ನು ನೆನೆದಾರು.