ಪಾಠ ಕಟ್ಟುವ ಕಸುಬು

ಅಧ್ಯಾಪನ ಬಿಟ್ಟು ಇ-ಕಲಿಕೆಯ ಕ್ಷೇತ್ರಕ್ಕೆ ಬರಬಯಸುವವರು ನನ್ನನ್ನು ಮೊದಲು ಕೇಳುವುದು ‘ಯಾವ ಸಾಫ್ಟ್‌ವೇರ್ ಕಲಿಯಬೇಕು?’ ಎಂದು. ಪದವಿಪೂರ್ವ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿ, ಬಳಿಕ ಈ ಕಸುಬಿಗೆ ಬಂದ ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಸಾಫ್ಟ್‌ವೇರ್ ಆಮೇಲಿನ ಮಾತು. ಕಲಿಯುವವರು ಎಲ್ಲಿ ಎಡವುತ್ತಾರೆಂಬ ಅರಿವೇ ಇಲ್ಲಿನ ಬಂಡವಾಳ. ಒಳ್ಳೆಯ ಅಧ್ಯಾಪಕರ ಬಳಿ ಅದು ಈಗಾಗಲೇ ಇರುತ್ತದೆ.

ಇನ್‌ಸ್ಟ್ರಕ್ಷನಲ್ ಡಿಸೈನ್ ಅಥವಾ ಬೋಧನಾ ವಿನ್ಯಾಸ ಇಂಟರ್ನೆಟ್ಟಿನೊಂದಿಗೆ ಹುಟ್ಟಿದ್ದಲ್ಲ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಯ ಗುರಿಗಳನ್ನು ವರ್ಗೀಕರಿಸಿದ್ದು 1956ರಲ್ಲಿ. ವಿಶ್ಲೇಷಣೆ, ವಿನ್ಯಾಸ, ರಚನೆ, ಅನುಷ್ಠಾನ, ಮೌಲ್ಯಮಾಪನ ಎಂಬ ಐದು ಹಂತಗಳ ‘ಆ್ಯಡಿ’ ಕ್ರಮದ ಮೂಲವಿರುವುದು, ಅಮೆರಿಕದ ಸೇನೆಗಾಗಿ 1975ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ರೂಪಿಸಿದ ತರಬೇತಿ ಪದ್ಧತಿಯಲ್ಲಿ.

ಕೆಲಸದ ಸ್ವರೂಪಕ್ಕೆ ಒಂದು ನಿದರ್ಶನ ನೋಡೋಣ. ಬ್ಯಾಂಕಿನ ಹೊಸ ಸಿಬ್ಬಂದಿಗೆ ಖೋಟಾ ನೋಟಿನ ಬಗ್ಗೆ ಪಾಠ ಬೇಕಾಗಿದೆಯೆನ್ನಿ. ವಿಷಯ ತಜ್ಞರು ಸುತ್ತೋಲೆಗಳ ಕಂತೆಯನ್ನೇ ಮುಂದಿಡುತ್ತಾರೆ. ಅದಕ್ಕೆ ಚಿತ್ರ, ಧ್ವನಿ ಸೇರಿಸಿ ಪರದೆಗೇರಿಸಿದ ಮಾತ್ರಕ್ಕೆ ಪಾಠವಾಗದು. ಪಾಠ ಮುಗಿಸಿದ ಕ್ಯಾಷಿಯರ್ ಕೌಂಟರಿನಲ್ಲಿ ಏನು ಮಾಡಬೇಕು ಎಂಬುದು ವಿನ್ಯಾಸಕರ ಪ್ರಶ್ನೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಖೋಟಾ ನೋಟನ್ನು ಗ್ರಾಹಕರಿಗೆ ಮರಳಿಸುವಂತಿಲ್ಲ. ಮುದ್ರೆಯೊತ್ತಿ, ವಶಕ್ಕೆ ತೆಗೆದುಕೊಂಡು, ಸ್ವೀಕೃತಿ ಪತ್ರ ಕೊಡಬೇಕು. ನಿಯಮ ಸರಳವೇ. ‘ನಿಮ್ಮ ಎಟಿಎಂನಿಂದಲೇ ಬಂದದ್ದು, ವಾಪಸು ಕೊಡಿ’ ಎಂದು ಎದುರಿಗಿದ್ದವರು ದಬಾಯಿಸಿದಾಗ ಅದನ್ನು ಪಾಲಿಸುವುದು ಕಷ್ಟ. ಆ ಗಳಿಗೆಯನ್ನೇ ಅಭ್ಯಾಸವಾಗಿಸಿ, ತಪ್ಪು ಆಯ್ಕೆಯ ಪರಿಣಾಮವನ್ನು ಅಲ್ಲಿಯೇ ತೋರಿಸುವುದು ಈ ಕಸುಬಿನ ತಿರುಳು.

ಹೊಸಬರು ಮೊದಲು ತಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಯನ್ನು ಆರಿಸಿಕೊಂಡು ಹತ್ತು ನಿಮಿಷದ ಪಾಠ ಕಟ್ಟಲಿ. ಕಾಗದದ ಮೇಲೆ ಸ್ಟೋರಿಬೋರ್ಡ್ ಬರೆದರೂ ಆದೀತು. 2002ರಲ್ಲಿ ಬಂದ ಮೂಡಲ್ ಇಂದಿಗೂ ಮುಕ್ತ ತಂತ್ರಾಂಶ. ಸ್ಟೋರಿಲೈನ್, ಕ್ಯಾಪ್ಟಿವೇಟ್‌ಗಳಿಗೆ ಹಣ ತೆರುವುದು ಅನಂತರವಾಗಲಿ. ಪಾಠವನ್ನು ನಾಲ್ವರಿಗೆ ಕೊಟ್ಟು, ಮಾತಾಡದೆ ಪಕ್ಕದಲ್ಲಿ ಕುಳಿತು ನೋಡಬೇಕು. ಅವರು ತಡವರಿಸಿದಲ್ಲೆಲ್ಲ ಪಾಠ ತಿದ್ದಬೇಕು. ಕೆಲಸ ಕೊಡುವವರಿಗೆ ತೋರಿಸಲು ಪ್ರಮಾಣಪತ್ರಗಳ ಕಟ್ಟಿಗಿಂತ ಇಂಥ ಎರಡು ಮೂರು ಮಾದರಿಗಳು ಮೇಲು.

ಎಚ್ಚರವೂ ಅಗತ್ಯ. ಕೋವಿಡ್ ಕಾಲದಲ್ಲಿ ಉಬ್ಬಿದ ಎಡ್‌ಟೆಕ್ ಕಂಪನಿಗಳಲ್ಲಿ 2022ರಿಂದೀಚೆಗೆ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅದೇ ವರ್ಷದ ಕೊನೆಗೆ ಬಂದ ಚಾಟ್‌ಜಿಪಿಟಿಯಂಥ ಯಂತ್ರಗಳು ಪ್ರಶ್ನೆಪತ್ರಿಕೆ, ವಿವರಣೆಗಳನ್ನು ಕ್ಷಣಾರ್ಧದಲ್ಲಿ ಬರೆಯುತ್ತವೆ. ಸ್ಲೈಡ್ ತಯಾರಿಕೆಯನ್ನಷ್ಟೇ ನಂಬಿ ಬಂದವರಿಗೆ ಇಲ್ಲಿ ನೆಲೆ ಸಿಗುವುದು ಕಷ್ಟ. ಆದ್ದರಿಂದ ಮಾದರಿ ಪಾಠಗಳು ಸಿದ್ಧವಾಗುವವರೆಗೆ ಇರುವ ನೌಕರಿಗೆ ರಾಜೀನಾಮೆ ಕೊಡುವುದು ಬೇಡ.

ಕನ್ನಡ ಬಲ್ಲವರಿಗೆ ಇಲ್ಲೊಂದು ಹೊಣೆಯೂ ಇದೆ. 2017ರಲ್ಲಿ ಆರಂಭವಾದ ದೀಕ್ಷಾ, ಸ್ವಯಂ ವೇದಿಕೆಗಳು ಪಾಠವನ್ನು ಮನೆಮನೆಗೆ ತಲುಪಿಸುವ ದಾರಿಯನ್ನು ತೆರೆದಿವೆ. ಆದರೆ ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ತಿರುಗಿಸಿದ ಪಾಠ ನಮ್ಮವರಿಗೆ ಅರ್ಧವಷ್ಟೇ ದಕ್ಕುತ್ತದೆ. ಆಶಾ ಕಾರ್ಯಕರ್ತೆಯರಿಗೋ ಸಹಕಾರ ಸಂಘದ ಗುಮಾಸ್ತರಿಗೋ ಅವರದೇ ನುಡಿಯಲ್ಲಿ, ಅವರದೇ ಕೆಲಸದ ಇಕ್ಕಟ್ಟುಗಳಿಂದ ಪಾಠ ಕಟ್ಟಬಲ್ಲವರು ಬೇಕಾಗಿದ್ದಾರೆ. ತರಗತಿಯಲ್ಲಿ ಪಳಗಿದ ನಮ್ಮ ಅಧ್ಯಾಪಕರಿಗಿಂತ ಅದಕ್ಕೆ ಹೆಚ್ಚು ಅರ್ಹರು ಯಾರಿದ್ದಾರೆ?