ಉಳಿದಿರುವ ದಿನಗಳ ಸದುಪಯೋಗ

ಜೂನ್ ತಿಂಗಳ ಜಡಿಮಳೆಯಲ್ಲಿ ಆರಂಭವಾಗುವ ನಮ್ಮ ಶಾಲಾ ವರ್ಷವು ಮಾರ್ಚ್ ತಿಂಗಳ ಸುಡುಬಿಸಿಲಿನಲ್ಲಿ ಕೊನೆಗೊಳ್ಳುತ್ತದೆ. ಓಣಂ ಪರೀಕ್ಷೆ, ಕ್ರೀಡಾಕೂಟ, ಕಲೋತ್ಸವ, ಕ್ರಿಸ್ಮಸ್ ಪರೀಕ್ಷೆ ಎಂದು ಒಂದೊಂದೇ ಮುಗಿದು ಜನವರಿ ಬಂತೆನ್ನುವಾಗ ಕೈಯಲ್ಲಿ ಉಳಿಯುವುದು ಸುಮಾರು 10 ವಾರಗಳು ಮಾತ್ರ. ಆಗ ಕೆಲವರು ‘ಇನ್ನೇನು, ಆಗುವುದೆಲ್ಲ ಆಗಿಹೋಯಿತು’ ಎಂದು ಕೈಚೆಲ್ಲುತ್ತಾರೆ. ಇನ್ನು ಕೆಲವರು ‘ಇನ್ನೂ ಸಮಯವಿದೆ’ ಎಂದು ಕಾಲಹರಣ ಮಾಡುತ್ತಾರೆ. ಇವೆರಡೂ ಸರಿಯಲ್ಲ. 10 ವಾರವೆಂದರೆ 70 ದಿನ. ಬಿಟ್ಟುಹೋದ ಪಾಠಗಳನ್ನು ಹಿಡಿಯಲು ಇಷ್ಟು ದಿನ ಸಾಕು. ಆದರೆ ದಿನಗಳನ್ನು ಎಣಿಸಿ ಬಳಸಬೇಕು.

ಪರೀಕ್ಷೆಯ ಚಿಂತೆ 10ನೆಯ ತರಗತಿಯವರಿಗೆ ಮಾತ್ರ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಇದೆ. ಈಗ ಅದನ್ನು ಬಿಡಬೇಕಾಗಿದೆ. ಹಿಂದೆ 100 ಅಂಕಗಳ ಒಂದು ವಿಷಯದಲ್ಲಿ ನಿರಂತರ ಮೌಲ್ಯಮಾಪನಕ್ಕೆ 20, ಬರವಣಿಗೆಯ ಪರೀಕ್ಷೆಗೆ 80 ಎಂದು ಹಂಚಿ, ಎರಡನ್ನೂ ಕೂಡಿಸಿ ನೋಡುತ್ತಿದ್ದರು. ನಿರಂತರ ಮೌಲ್ಯಮಾಪನದಲ್ಲಿ 20 ದೊರೆತವನು ಬರವಣಿಗೆಯಲ್ಲಿ ಬರೇ 10 ಅಂಕ ಪಡೆದರೂ ತೇರ್ಗಡೆಯಾಗುತ್ತಿದ್ದನು. ಬರವಣಿಗೆಯ ಪರೀಕ್ಷೆಯಲ್ಲಿಯೇ ಪ್ರತಿ ವಿಷಯಕ್ಕೂ ಶೇಕಡಾ 30 ಅಂಕ ಬೇಕೆಂದು ಕೇರಳ ಸರಕಾರವು 2024ರಲ್ಲಿ ನಿರ್ಧರಿಸಿತು. 2024–25ರಲ್ಲಿ 8ನೆಯ ತರಗತಿಗೆ, 2025–26ರಲ್ಲಿ 9ನೆಯ ತರಗತಿಗೆ, 2026–27ರಲ್ಲಿ 10ನೆಯ ತರಗತಿಗೆ ಎಂದು ಕ್ರಮವನ್ನೂ ಗೊತ್ತುಪಡಿಸಲಾಯಿತು. ಈ ಲೆಕ್ಕದಲ್ಲಿ 80 ಅಂಕಗಳ ಪತ್ರಿಕೆಗೆ 24, 40 ಅಂಕಗಳ ಪತ್ರಿಕೆಗೆ 12 ಬೇಕು. ಇದು ಹೆದರಬೇಕಾದ ಸಂಖ್ಯೆಯಲ್ಲ. ಆದರೆ ಪುಸ್ತಕವನ್ನೇ ತೆರೆಯದವನಿಗೆ ಇದು ದೂರದ ಬೆಟ್ಟ.

ಹಾಗಾದರೆ ಓದುವುದು ಹೇಗೆ? ಜರ್ಮನಿಯ ವಿದ್ವಾಂಸ ಹರ್ಮಾನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಕಲಿತದ್ದರಲ್ಲಿ ಹೆಚ್ಚಿನ ಭಾಗವು ಮೊದಲ ಒಂದೆರಡು ದಿನಗಳಲ್ಲಿಯೇ ಮರೆತುಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಎಂಬುದನ್ನು ಅವನು ಕಂಡುಕೊಂಡನು. ಒಂದೇ ಸಲ ಬಹಳ ಹೊತ್ತು ಓದುವುದಕ್ಕಿಂತ ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ಓದಿದರೆ ಅದು ಮನಸ್ಸಿನಲ್ಲಿ ಉಳಿಯುತ್ತದೆ. ಆದ್ದರಿಂದ ಇಂದು ಓದಿದ ಪಾಠವನ್ನು ನಾಳೆ ಒಮ್ಮೆ, ವಾರ ಕಳೆದು ಒಮ್ಮೆ, ತಿಂಗಳು ಕಳೆದು ಒಮ್ಮೆ ನೋಡಬೇಕು. ನೋಡುವುದೆಂದರೆ ಪುಟದ ಮೇಲೆ ಕಣ್ಣಾಡಿಸುವುದಲ್ಲ. ಪುಸ್ತಕ ಮುಚ್ಚಿ, ನೆನಪಿನಿಂದ ಬರೆದು, ಮತ್ತೆ ತೆರೆದು ತಾಳೆ ನೋಡುವುದು.

ಬರೆಯುವಾಗ ಗಡಿಯಾರವನ್ನು ಎದುರಿಗಿಡಬೇಕು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ 40 ಅಂಕಗಳ ಪತ್ರಿಕೆಗೆ ಒಂದೂವರೆ ಗಂಟೆ, 80 ಅಂಕಗಳ ಪತ್ರಿಕೆಗೆ ಎರಡೂವರೆ ಗಂಟೆ. ಅಂದರೆ ಒಂದು ಅಂಕಕ್ಕೆ ಸುಮಾರು 2 ನಿಮಿಷ. 4 ಅಂಕಗಳ ಪ್ರಶ್ನೆಗೆ 20 ನಿಮಿಷ ವ್ಯಯಿಸಿದರೆ ಕೊನೆಯ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಬರೆಯುವ ಸಮಯಕ್ಕೆ ಮೊದಲು 15 ನಿಮಿಷಗಳ ‘ಕೂಲ್ ಆಫ್ ಟೈಮ್’ ಇದೆ. ಅದು ಕಿಟಿಕಿಯ ಹೊರಗೆ ನೋಡುತ್ತ ಕಳೆಯಲಿಕ್ಕಲ್ಲ. ಪ್ರಶ್ನೆಗಳನ್ನು ಪೂರ್ತಿ ಓದಿ, ಆಯ್ಕೆ ಇರುವಲ್ಲಿ ಯಾವುದನ್ನು ಬರೆಯುವುದೆಂದು ನಿಶ್ಚಯಿಸಲಿಕ್ಕೆ.

ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಇನ್ನೊಂದು ಮಾತು. 10ನೆಯ ತರಗತಿ ದಾಟಿದ ಮೇಲೆ ವಿಜ್ಞಾನ, ವಾಣಿಜ್ಯ ಮುಂತಾದ ವಿಷಯಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಬಲ್ಲ ವಿಷಯವೇ ಅಲ್ಲಿ ಅಪರಿಚಿತ ಹೆಸರಿನಲ್ಲಿ ಬಂದು ನಿಂತಾಗ ಜಾಣ ವಿದ್ಯಾರ್ಥಿಯೂ ತಬ್ಬಿಬ್ಬಾಗುವುದುಂಟು. ‘ದ್ಯುತಿಸಂಶ್ಲೇಷಣೆ’ಯ ಪಕ್ಕದಲ್ಲಿ ‘ಫೋಟೋಸಿಂಥೆಸಿಸ್’, ‘ವೇಗೋತ್ಕರ್ಷ’ದ ಪಕ್ಕದಲ್ಲಿ ‘ಆಕ್ಸಿಲರೇಶನ್’ ಎಂದು ಈಗಲೇ ದಿನಕ್ಕೆ ಐದು ಶಬ್ದಗಳನ್ನು ಬರೆದಿಟ್ಟರೆ 70 ದಿನಗಳಲ್ಲಿ 350 ಶಬ್ದಗಳಾಗುತ್ತವೆ. ವಿಷಯವನ್ನು ತಾಯ್ನುಡಿಯಲ್ಲಿ ಚೆನ್ನಾಗಿ ಅರಿತವನಿಗೆ ಹೊಸ ಹೆಸರು ಕಲಿಯುವುದು ಕಷ್ಟವಲ್ಲ. ಕನ್ನಡವನ್ನೇ ಮುಂದೆ ಓದುವೆನೆಂಬವರಿಗೂ ದಾರಿ ಮುಚ್ಚಿಲ್ಲ. ನಮ್ಮ ವಿದ್ಯಾನಗರದಲ್ಲಿ 1957ರಲ್ಲಿ ಆರಂಭವಾದ ಸರಕಾರಿ ಕಾಲೇಜಿನಲ್ಲಿ ಕನ್ನಡ ಸ್ನಾತಕೋತ್ತರ ವ್ಯಾಸಂಗಕ್ಕೂ ಅವಕಾಶವಿದೆ. ಆ ಮೆಟ್ಟಲನ್ನು ಏರುವ ಮೊದಲು ಈ ಮೆಟ್ಟಲನ್ನು ದಾಟಬೇಕಷ್ಟೆ.

ಹೆತ್ತವರಲ್ಲಿಯೂ ನಮ್ಮ ವಿನಂತಿಯೊಂದಿದೆ. ನಮ್ಮ ಊರುಗಳಲ್ಲಿ ಪರೀಕ್ಷೆಯ ಕಾಲವೂ ಜಾತ್ರೆ, ಕೋಲ, ಯಕ್ಷಗಾನಗಳ ಕಾಲವೂ ಒಂದೇ. ಗೇರುಬೀಜ ಹೆಕ್ಕುವ ಕಾಲವೂ ಅದೇ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಾವು ಮಕ್ಕಳಿಗೆ ಆಟ ನೋಡಬೇಡಿರೆಂದು ಹೇಳಲಾರೆವು. ಆದರೆ ಹದಿಹರೆಯದ ಮಕ್ಕಳಿಗೆ ದಿನಕ್ಕೆ 8 ಗಂಟೆಯಾದರೂ ನಿದ್ದೆ ಬೇಕು. ಇಡೀ ರಾತ್ರಿ ನಿದ್ದೆಗೆಟ್ಟವನಿಗೆ ಮರುದಿನದ ಪಾಠ ತಲೆಗೆ ಹತ್ತದು. ಈ 10 ವಾರ ಮಟ್ಟಿಗೆ ಮನೆಯ ಕೆಲಸವನ್ನು ಸ್ವಲ್ಪ ಹಗುರ ಮಾಡಿ, ಸಂಜೆ ಎರಡು ಗಂಟೆ ಟಿ.ವಿ., ಮೊಬೈಲುಗಳನ್ನು ದೂರವಿಟ್ಟು, ಮಗುವಿಗೆ ಒಂದು ಮೂಲೆಯನ್ನೂ ಒಂದು ದೀಪವನ್ನೂ ಬಿಟ್ಟುಕೊಡಿ. ನೆರೆಮನೆಯ ಮಗುವಿನ ಎ ಪ್ಲಸ್‌ಗಳನ್ನು ಎಣಿಸಿ ಹೇಳಬೇಡಿ. ಕ್ರಿಸ್ಮಸ್ ಪರೀಕ್ಷೆಯಲ್ಲಿ 9 ಅಂಕ ಪಡೆದವನು ಮಾರ್ಚಿನಲ್ಲಿ 16 ಪಡೆದರೆ ಅದು ಅವನ ಗೆಲುವೇ ಸರಿ. ಅದನ್ನು ಮನೆಯವರೇ ಮೊದಲು ಕಾಣಬೇಕು.

ವಿದ್ಯಾರ್ಥಿಗಳೇ, ಸಂಶಯವಿದ್ದಲ್ಲಿ ಅಧ್ಯಾಪಕರನ್ನು ಕೇಳಲು ಸಂಕೋಚಪಡಬೇಡಿರಿ. ‘ಇಷ್ಟು ದಿನ ಕೇಳದವನು ಈಗ ಹೇಗೆ ಕೇಳಲಿ’ ಎಂದು ಹಿಂಜರಿಯುವವರೇ ಹೆಚ್ಚು. ಈಗ ಕೇಳಿದರೆ ತಡವೇನೂ ಆಗಿಲ್ಲ. ಏಪ್ರಿಲಿನಲ್ಲಿ ಕೇಳಿದರೆ ಮಾತ್ರ ತಡವಾಗುತ್ತದೆ. ಇಂದು ಸಂಜೆ ಅತಿ ಕಷ್ಟವೆನಿಸುವ ಒಂದು ಪಾಠವನ್ನು ತೆರೆಯಿರಿ. ನಾಳೆ ಬೆಳಗ್ಗೆ ಅದರ ಒಂದು ಪ್ರಶ್ನೆಯೊಡನೆ ನಮ್ಮ ಬಳಿಗೆ ಬನ್ನಿರಿ.