ಇಟ್ಟಲ್ಲಿಯೇ ಬಲಿಯುವ ಲೋಹ

ಹಾರೂಗೇರಿಯ ಸುತ್ತಲಿನ ಕಬ್ಬಿನ ಸೀಮೆಯವರಿಗೆ ಸಕ್ಕರೆಪಾಕದ ಗುಣವನ್ನು ಹೊಸದಾಗಿ ಹೇಳಬೇಕಾದದ್ದಿಲ್ಲ. ಕುದಿನೀರು ಕರಗಿಸಿಕೊಂಡಷ್ಟು ಸಕ್ಕರೆಯನ್ನು ತಣ್ಣೀರು ಹಿಡಿದಿಟ್ಟುಕೊಳ್ಳಲಾರದು. ಪಾಕವು ಆರಿದಂತೆ ಹೆಚ್ಚಾದದ್ದು ಹರಳುಗಟ್ಟುವದು. ಗಟ್ಟಿ ಲೋಹದೊಳಗೂ ಇದೇ ವ್ಯಾಪಾರ ನಡೆಯುತ್ತದೆಂದರೆ ವಾಚಕರಿಗೆ ಸೋಜಿಗವೆನಿಸೀತು.

ಶುದ್ಧ ಅಲ್ಯುಮಿನಿಯಮ್ಮು ಮೆತ್ತನೆಯದು. ಪಾತ್ರೆಯು ಕೈಜಾರಿ ಬಿದ್ದು ತಗ್ಗಾಗುವದನ್ನು ಯಾವ ಗೃಹಿಣಿಯು ಕಂಡಿಲ್ಲ? 1906ರ ಸುಮಾರಿಗೆ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬವನು ಅದಕ್ಕೆ ನೂರಕ್ಕೆ 4 ಪಾಲಿನಷ್ಟು ತಾಮ್ರವನ್ನೂ ತುಸು ಮೆಗ್ನೀಸಿಯಮ್ಮನ್ನೂ ಬೆರಸಿ, ಸೆಂಟಿಗ್ರೇಡ್ ಮಾನದ 500 ಅಂಶಕ್ಕೂ ಮಿಕ್ಕಿ ಕಾಯಿಸಿ, ಒಮ್ಮೆಲೆ ನೀರಿನಲ್ಲಿ ಅದ್ದಿದನು. ಉಕ್ಕಾದರೆ ಅದ್ದಿದೊಡನೆಯೇ ಬಿರುಸಾಗುವದು, ಇದು ಹಾಗಾಗಲಿಲ್ಲ. ಆದರೆ ಕೆಲದಿನಗಳ ಮೇಲೆ ಮರಳಿ ಪರೀಕ್ಷಿಸಲು, ಸುಮ್ಮನೆ ಇಟ್ಟಿದ್ದ ತುಂಡು ತಾನಾಗಿಯೇ ಗಟ್ಟಿಯಾಗಿತ್ತು! ಡ್ಯುರಾಲ್ಯುಮಿನ್ ಹುಟ್ಟಿದ್ದು ಹೀಗೆ.

ಕಾರಣವು ಕೂಡಲೆ ತಿಳಿಯಲಿಲ್ಲ. ಪಾಕದ ತೆರನಾದ ವಿವರಣೆಯನ್ನು 1919ರಲ್ಲಿ ಅಮೇರಿಕೆಯ ಮೆರಿಕಾ ಮತ್ತು ಆತನ ಸಂಗಡಿಗರು ಕೊಟ್ಟರು. 1938ರಲ್ಲಿ ಫ್ರಾನ್ಸಿನ ಗಿನಿಯೇ, ಇಂಗ್ಲಂಡದ ಪ್ರೆಸ್ಟನ್ ಇವರು ಬೇರೆಬೇರೆಯಾಗಿ ಕ್ಷಕಿರಣಗಳಿಂದ ಅದರ ಮೊದಲ ಗುರುತನ್ನು ಹಿಡಿದರು. ಬಿಸಿಯಲ್ಲಿ ಕರಗಿದ ತಾಮ್ರವು, ಲೋಹವನ್ನು ತಟ್ಟನೆ ತಣಿಸಿದಾಗ ಹೊರಬೀಳಲು ಅವಕಾಶವಿಲ್ಲದೆ ಒಳಗೇ ಸಿಕ್ಕಿಕೊಳ್ಳುವದು. ಆಮೇಲೆ ಮೆಲ್ಲಮೆಲ್ಲನೆ ಅದರ ಪರಮಾಣುಗಳು ಅತಿಸೂಕ್ಷ್ಮವಾದ ಗುಂಪು ಕಟ್ಟುವವು. ಲೋಹ ಬಾಗುವದೆಂದರೆ ಅದರ ಪದರುಗಳು ಒಂದರ ಮೇಲೊಂದು ಜಾರುವದು. ಈ ಗುಂಪುಗಳು ಆ ಜಾರಿಕೆಗೆ ತಡೆಯೊಡ್ಡುವವು.

ವಿಮಾನಗಳು ಲೋಹದ ಮೈ ಪಡೆದದ್ದು ಈ ಗುಣದಿಂದ. 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆಯು ಕಟ್ಟಿದ ಎಚ್‌ಟಿ-2 ವಿಮಾನವು 1951ರಲ್ಲಿ ಹಾರಿತು. ಅದೂ ಪೂರ್ಣ ಲೋಹದ್ದೇ. ವಿಮಾನ ಕಟ್ಟುವವರು ಡ್ಯುರಾಲ್ಯುಮಿನ್ನಿನ ರಿವೆಟ್ಟುಗಳನ್ನು ಬಡಿಯುವವರೆಗೆ ಹಿಮದಷ್ಟು ತಣ್ಣಗೆ ಇಡುವ ವಾಡಿಕೆಯುಂಟು. ಚಳಿಯಲ್ಲಿ ಪರಮಾಣುಗಳ ಓಡಾಟ ಮಂದವಾಗಿ, ರಿವೆಟ್ಟು ಮೆತ್ತಗೇ ಉಳಿಯುವದು. (ಹಾಲು ಹೆಪ್ಪಾಗದಿರಲೆಂದು ತಣ್ಣಗಿಡುವವರಿಗೆ ಈ ಉಪಾಯ ಅಪರಿಚಿತವಲ್ಲ.)

ಆದರೆ ಬಲಿಯುವದಕ್ಕೂ ಒಂದು ಮಿತಿಯಿದೆ. ಹೆಚ್ಚು ಕಾಯಿಸಿದರೆ ಸಣ್ಣ ಕಣಗಳು ಕರಗಿ ದೊಡ್ಡವಕ್ಕೆ ಸೇರುವವು. ಕಣಗಳು ವಿರಳವಾಗಲು ತಡೆ ಸಡಿಲಾಗಿ ಲೋಹವು ಮರಳಿ ಮೆತ್ತಗಾಗುವದು. ಈ ಮಾತು ಇಂದು ಮನೆಬಾಗಿಲಿಗೇ ಬಂದಿದೆ. ಮೋಟಾರು ಸೈಕಲ್ಲಿನ ಅಲಾಯ್ ಗಾಲಿಗಳಲ್ಲಿ ಅನೇಕವು ಮೆಗ್ನೀಸಿಯಮ್ಮು, ಸಿಲಿಕಾನುಗಳ ಇಂಥ ಕಣಗಳಿಂದಲೇ ಬಲಗೊಂಡವು. ಕಾರ್ಖಾನೆಯಲ್ಲಿ 150ರಿಂದ 200 ಅಂಶದೊಳಗೆ ಕೆಲವು ತಾಸು ಹದವಾಗಿ ಇಟ್ಟು ತೆಗೆದ ಗಾಲಿಯು ಗುಂಡಿಗೆ ಬಿದ್ದು ಸೊಟ್ಟಗಾದರೆ, ಗ್ಯಾಸಿನ ಉರಿ ಹಿಡಿದು ಬಡಿದು ನೇರಮಾಡುವದುಂಟು. ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಸುವ ಗುಣವು ಅಲ್ಯುಮಿನಿಯಮ್ಮಿಗಿಲ್ಲ. ಕೆಂಪಾಗುವ ಮೊದಲೇ ಕರಗುವದು. ಗಾಲಿಯು ನೋಡಲಿಕ್ಕೆ ಮೊದಲಿನಂತೆಯೇ ದುಂಡಗಾಗಿರುವದು, ಕಸುವು ಮಾತ್ರ ಹೋಗಿರುವದು. ಆ ಕಸುವು ಮರಳಬೇಕಾದರೆ ಕಾಯಿಸಿ, ಅದ್ದಿ, ಬಲಿಯಗೊಡುವ ಕ್ರಮವೆಲ್ಲ ಮೊದಲಿನಿಂದ ಆಗಬೇಕು. ಮಗನು ಅದರ ಮೇಲೆ ಕುಳಿತು ಪ್ರತಿದಿನವೂ ಕಾಲೇಜಿಗೆ ಹೋಗುವವನಾದರೆ, ಹೊಸ ಗಾಲಿಯ ಖರ್ಚಿಗೆ ಹಿಂದೆಗೆಯಬಾರದು.